ಇಂಡಿಯನ್ ಓಪನ್ ಗಾಲ್ಫ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಲ್ಫ್ ಸುದ್ದಿ ನಮ್ಮ ಪೇಪರಿನಲ್ಲಿ ಬರುವುದೇ ಕ್ರೀಡಾ ಪುಟದ ಕೆಳಗಿನ ಮೂಲೆಯಲ್ಲಿ. ಅದೂ ನಾಲ್ಕು ಸಾಲು. ಕ್ರಿಕೆಟ್ ಇದ್ದ ದಿನ ಆ ನಾಲ್ಕು ಸಾಲೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಇಂಡಿಯನ್ ಓಪನ್ ಬಂದಾಗ ಮನೆಯವರು, ಗೆಳೆಯರು ನನ್ನನ್ನು ಹಿಡಿದು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಪ್ರತಿ ವರ್ಷ ಅವೇ. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟರೆ ಆಯಿತಲ್ಲ ಅಂತ ಕೂತೆ.

ಇಂಡಿಯನ್ ಓಪನ್ ಅಂದರೆ ಏನು?

ಇದು ನಮ್ಮ ದೇಶದ ರಾಷ್ಟ್ರೀಯ ಗಾಲ್ಫ್ ಟೂರ್ನಿ. 1964ರಲ್ಲಿ ಶುರುವಾಯಿತು. ಹಿಂದೆ ನಿಂತು ನಡೆಸಿಕೊಂಡು ಬಂದಿರುವುದು ಇಂಡಿಯನ್ ಗಾಲ್ಫ್ ಯೂನಿಯನ್. ಈ ಯೂನಿಯನ್ ಹುಟ್ಟಿದ್ದು 1955ರಲ್ಲಿ. ಸದ್ಯ ಪ್ರಾಯೋಜಕರು ಹೀರೊ ಕಂಪನಿಯವರು, ಹಾಗಾಗಿ ಪೇಪರಿನಲ್ಲಿ ‘ಹೀರೊ ಇಂಡಿಯನ್ ಓಪನ್’ ಅಂತ ಓದುತ್ತೀರಿ.

‘ಓಪನ್’ ಅಂತ ಯಾಕೆ ಕರೆಯುತ್ತಾರೆ? ಯಾರು ಬೇಕಾದರೂ ಹೋಗಿ ಆಡಬಹುದಾ?

ಅಷ್ಟು ಸಲೀಸಲ್ಲ. ಹಿಂದೆ ಗಾಲ್ಫ್‌ನಲ್ಲಿ ಎರಡು ಪಂಗಡ ಇತ್ತು. ಹವ್ಯಾಸಕ್ಕೆ ಆಡುವವರು ಒಂದು ಕಡೆ, ಆಟವನ್ನೇ ಕಸುಬು ಮಾಡಿಕೊಂಡವರು ಇನ್ನೊಂದು ಕಡೆ. ಕ್ಲಬ್‌ಗಳ ದೊಡ್ಡ ಟೂರ್ನಿಗಳೆಲ್ಲ ಮೊದಲ ಪಂಗಡಕ್ಕೆ ಮೀಸಲು. ಇಬ್ಬರಿಗೂ ಬಾಗಿಲು ತೆರೆದ ಟೂರ್ನಿಯೇ ‘ಓಪನ್’. ಈಗಲೂ ಒಳ್ಳೆಯ ಹವ್ಯಾಸಿ ಆಟಗಾರರಿಗೆ ಕೆಲವು ಸ್ಥಾನ ಸಿಗುತ್ತದೆ. ಆದರೆ ಅವರು ಗೆದ್ದರೂ ಬಹುಮಾನದ ಹಣ ಮುಟ್ಟುವ ಹಾಗಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ಗಾಲ್ಫ್ ಗೊತ್ತೇ ಇಲ್ಲ. ಸ್ಕೋರ್ ಓದುವುದು ಹೇಗೆ?

ಎರಡು ನಿಮಿಷದ ಕೆಲಸ. ನಾಲ್ಕು ದಿನದ ಆಟ, ಗುರುವಾರದಿಂದ ಭಾನುವಾರ. ದಿನಕ್ಕೆ 18 ಹೋಲ್. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದವರು ಮೇಲೆ. ಪ್ರತಿ ಹೋಲ್‌ಗೂ ಇಷ್ಟು ಹೊಡೆತ ಸಾಕು ಅಂತ ಒಂದು ಲೆಕ್ಕ ಇದೆ, ಅದು ‘ಪಾರ್’. ಅದಕ್ಕಿಂತ ಒಂದು ಕಡಿಮೆ ಆದರೆ ಬರ್ಡಿ, ಒಂದು ಜಾಸ್ತಿ ಆದರೆ ಬೋಗಿ. 18 ಹೋಲ್ ಸೇರಿ ಸಾಮಾನ್ಯವಾಗಿ ಪಾರ್ 72. ‘10 ಅಂಡರ್’ ಅಂದರೆ ನಾಲ್ಕು ದಿನದ ಒಟ್ಟು ಲೆಕ್ಕದಲ್ಲಿ ಪಾರ್‌ಗಿಂತ 10 ಹೊಡೆತ ಉಳಿಸಿದ್ದಾರೆ ಅಂತ. ಎರಡು ದಿನ ಕಳೆದ ಮೇಲೆ ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು ಮನೆಗೆ ಕಳಿಸುತ್ತಾರೆ, ಅದು ‘ಕಟ್’. ಕೊನೆಯಲ್ಲಿ ಇಬ್ಬರು ಸಮ ಬಂದರೆ ಪ್ಲೇ ಆಫ್, ಅಂದರೆ ಮತ್ತೆ ಹೋಲ್ ಆಡಿಸಿ ಗೆದ್ದವರನ್ನು ಆರಿಸುವುದು. ಈ ಬರಹಕ್ಕೆ ಇಷ್ಟು ಸಾಕು.

ಈ ಟೂರ್ನಿ ಹುಟ್ಟಿದ್ದು ಹೇಗೆ?

ಇದರಲ್ಲಿ ಒಬ್ಬ ಆಸ್ಟ್ರೇಲಿಯಾದವರ ಕೈ ದೊಡ್ಡದು. ಹೆಸರು ಪೀಟರ್ ಥಾಮ್ಸನ್. ಬ್ರಿಟನ್ನಿನ ಓಪನ್ ಟೂರ್ನಿಯನ್ನು ಐದು ಸಲ ಗೆದ್ದವರು: 1954, 1955, 1956, 1958, 1965. ಆ ಕಾಲದ ದೊಡ್ಡ ಹೆಸರು. ಇಂಥ ಆಟಗಾರ ಅಮೆರಿಕದಲ್ಲೇ ಉಳಿದು ದುಡ್ಡು ಮಾಡಬಹುದಿತ್ತು. ಅವರಿಗೆ ಏಷ್ಯಾದ ಮೇಲೆ ಪ್ರೀತಿ. ಇಲ್ಲೂ ಈ ಆಟ ಬೆಳೆಯಬೇಕು, ಇಲ್ಲೂ ಒಂದು ಟೂರ್ನಿಗಳ ಸರಪಳಿ ಆಗಬೇಕು ಅನ್ನುವ ಆಸೆ ಇತ್ತು. ಆಸ್ಟ್ರೇಲಿಯಾದಿಂದ ಬ್ರಿಟನ್ನಿಗೆ ಹೋಗುವ ದಾರಿಯಲ್ಲಿ ಭಾರತಕ್ಕೂ ಬರುತ್ತಿದ್ದರು. ಇಲ್ಲಿಯ ಗಾಲ್ಫ್ ಯೂನಿಯನ್‌ನವರಿಗೆ ‘ನಿಮ್ಮದೇ ಒಂದು ಓಪನ್ ಮಾಡಿ’ ಅಂತ ಹುರಿದುಂಬಿಸಿದರು.

1964ರಲ್ಲಿ ದಿಲ್ಲಿ ಗಾಲ್ಫ್ ಕ್ಲಬ್‌ನಲ್ಲಿ ಮೊದಲ ಇಂಡಿಯನ್ ಓಪನ್ ನಡೆಯಿತು. ಗೆದ್ದವರು ಯಾರು? ಅವರೇ! ಪಾಯಸ ಮಾಡಿಸಿ ಮೊದಲ ಲೋಟ ತಾವೇ ಕುಡಿದ ಹಾಗೆ. 1966ರಲ್ಲಿ ಮತ್ತೆ ಗೆದ್ದರು. ಹತ್ತು ವರ್ಷ ಬಿಟ್ಟು 1976ರಲ್ಲಿ, 46ನೇ ವಯಸ್ಸಿನಲ್ಲಿ, ಮೂರನೇ ಸಲ ಗೆದ್ದರು.

ಆಟ ನಿಲ್ಲಿಸಿದ ಮೇಲೂ ಅವರು ನಂಟು ಬಿಡಲಿಲ್ಲ. ಗಾಲ್ಫ್ ಮೈದಾನಗಳ ವಿನ್ಯಾಸ ಮಾಡುವ ಕೆಲಸಕ್ಕೆ ಇಳಿದರು. ದಿಲ್ಲಿ ಗಾಲ್ಫ್ ಕ್ಲಬ್‌ನ ಮೈದಾನವನ್ನು 1970ರ ದಶಕದಲ್ಲಿ ತಿದ್ದಿಕೊಟ್ಟವರು ಅವರೇ. ನಮ್ಮ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನವೂ ಅವರ ಸಂಸ್ಥೆಯ ವಿನ್ಯಾಸವೇ. ದೊಮ್ಮಲೂರಿನ ಹತ್ತಿರ, ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೋಗುವಾಗ ಕಾಣುವ ಹಸಿರು ಅದೇ. ಥಾಮ್ಸನ್ 2018ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಏಷ್ಯಾದಲ್ಲೇ ಹಳೆಯ ಟೂರ್ನಿ ಇದೇನಾ?

ಅಲ್ಲ. ಫಿಲಿಪ್ಪೀನ್ಸ್ ಓಪನ್ 1913ರದು, ಜಪಾನ್ ಓಪನ್ 1927ರದು. ಹಾಂಗ್‌ಕಾಂಗ್, ಸಿಂಗಪುರ, ಮಲೇಷ್ಯಾ ಕೂಡ ನಮಗಿಂತ ಸ್ವಲ್ಪ ಮುಂಚೆ ಶುರು ಮಾಡಿದ್ದವು.

ಇದರಲ್ಲಿ ಒಂದು ತಮಾಷೆ ಇದೆ. ಗಾಲ್ಫ್ ಆಟದಲ್ಲಿ ನಾವು ತಡವಾಗಿ ಬಂದವರಲ್ಲ. ಕೋಲ್ಕತ್ತದ ರಾಯಲ್ ಕ್ಯಾಲ್ಕಟಾ ಗಾಲ್ಫ್ ಕ್ಲಬ್ 1829ರದು. ಬ್ರಿಟಿಷ್ ದ್ವೀಪಗಳ ಆಚೆ ಅದಕ್ಕಿಂತ ಹಳೆಯ ಗಾಲ್ಫ್ ಕ್ಲಬ್ ಇಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಹವ್ಯಾಸಿಗಳ ಅಖಿಲ ಭಾರತ ಟೂರ್ನಿ 1892ರಲ್ಲೇ ಶುರುವಾಗಿತ್ತು. ಕಸುಬಿನ ಆಟಗಾರರಿಗೆ ಬಾಗಿಲು ತೆರೆಯಲು ಅಲ್ಲಿಂದ 72 ವರ್ಷ ಬೇಕಾಯಿತು. ಕ್ಲಬ್ ಅಂದರೆ ಸಾಹೇಬರ ಜಾಗ. ಆಡಿ ಹೊಟ್ಟೆ ಹೊರೆಯುವವನು ಅಲ್ಲಿ ಕೆಲಸದವನ ಲೆಕ್ಕ. ಇಂಡಿಯನ್ ಓಪನ್‌ನ ಮುಂದಿನ ಕಥೆ ಪೂರ್ತಿ ಈ ಒಂದು ವಿಷಯದ ಸುತ್ತಲೇ ತಿರುಗುತ್ತದೆ.

ಮೊದಲು ಗೆದ್ದ ಭಾರತೀಯ ಯಾರು?

ಪ್ರೇಮ್ ಗೋಪಾಲ್ ಸೇಠಿ. ಎಲ್ಲರೂ ಕರೆಯುತ್ತಿದ್ದುದು ಬಿಲ್ಲೂ ಸೇಠಿ ಅಂತ. 1965ರಲ್ಲಿ, ಅಂದರೆ ಟೂರ್ನಿಯ ಎರಡನೇ ವರ್ಷವೇ, ಕೋಲ್ಕತ್ತದಲ್ಲಿ ಗೆದ್ದರು. ವಿಶೇಷ ಏನೆಂದರೆ ಅವರು ಹವ್ಯಾಸಿ ಆಟಗಾರ. ಮೇಲೆ ಹೇಳಿದ ನಿಯಮದ ಪ್ರಕಾರ ಕಪ್ ಮಾತ್ರ ಅವರದು, ಹಣ ಅಲ್ಲ. ಅವರ ನಂತರ ಈವರೆಗೆ ಯಾವ ಹವ್ಯಾಸಿಯೂ ಈ ಟೂರ್ನಿ ಗೆದ್ದಿಲ್ಲ.

ಹಾಗಾದರೆ ಆಮೇಲೆ ಭಾರತೀಯರು ಗೆಲ್ಲುತ್ತಲೇ ಇದ್ದರಾ?

ಇಲ್ಲ ಸ್ವಾಮಿ. ಮುಂದಿನ ಭಾರತೀಯನ ಗೆಲುವಿಗೆ 26 ವರ್ಷ ಕಾಯಬೇಕಾಯಿತು. 1966ರಿಂದ 1990ರವರೆಗೆ ಒಂದೇ ಒಂದು ಸಲವೂ ನಮ್ಮವರ ಹೆಸರು ಪಟ್ಟಿಯಲ್ಲಿ ಇಲ್ಲ.

ಕಾರಣ ಹುಡುಕುವುದು ಕಷ್ಟವಲ್ಲ. 1970ರಲ್ಲಿ ಇಂಡಿಯನ್ ಓಪನ್ ಏಷ್ಯಾ ಗಾಲ್ಫ್ ಸರ್ಕಿಟ್‌ಗೆ ಸೇರಿತು. ಅಲ್ಲಿಂದ ವಿದೇಶಿ ಆಟಗಾರರು ಗುಂಪುಗುಂಪಾಗಿ ಬಂದರು. ಅವರು ಮನಿಲಾ, ಬ್ಯಾಂಕಾಕ್, ದಿಲ್ಲಿ ಅಂತ ವಾರವಾರ ಟೂರ್ನಿ ಆಡುತ್ತಾ ಬರುವವರು. ನಮ್ಮವರಿಗೆ ಅಂಥ ಟೂರ್ನಿ ವರ್ಷಕ್ಕೆ ಕೈಬೆರಳಲ್ಲಿ ಎಣಿಸುವಷ್ಟು. ಒಳ್ಳೆಯ ಗಾಲ್ಫ್ ಸ್ಟಿಕ್ ಹೊರಗಿನಿಂದ ಬರಬೇಕು, ಅದರ ಬೆಲೆ ಕೈಗೆಟುಕದು. ಆಟವನ್ನೇ ನಂಬಿಕೊಂಡರೆ ಮನೆ ನಡೆಯುತ್ತದೆ ಅನ್ನುವ ಧೈರ್ಯವೂ ಇರಲಿಲ್ಲ.

ಆ ಕಾಲದ ವಿಜೇತರಲ್ಲಿ ನಮಗೆ ಗೊತ್ತಿರುವ ಹೆಸರು ಯಾವುದಾದರೂ ಇದೆಯಾ?

ಕ್ರಿಕೆಟ್ ನೋಡುವವರಿಗೆ ಒಂದು ಸಿಗುತ್ತದೆ. 1971 ಮತ್ತು 1973ರಲ್ಲಿ ಗೆದ್ದ ಗ್ರಹಾಂ ಮಾರ್ಷ್, ಆಸ್ಟ್ರೇಲಿಯಾದ ವಿಕೆಟ್ ಕೀಪರ್ ರಾಡ್ನಿ ಮಾರ್ಷ್ ಅವರ ಅಣ್ಣ. ಲಿಲ್ಲಿಯ ಚೆಂಡನ್ನು ಹಾರಿ ಹಾರಿ ಹಿಡಿಯುತ್ತಿದ್ದರಲ್ಲ, ಅದೇ ಮಾರ್ಷ್.

ಗಾಲ್ಫ್ ಬಲ್ಲವರಿಗೆ 1981ರ ಹೆಸರು ಮುಖ್ಯ: ಪೇನ್ ಸ್ಟೀವರ್ಟ್. ಅಮೆರಿಕದ ಈ ಹುಡುಗ ಆಗ ಇನ್ನೂ ಹೊಸಬ. ತನ್ನ ದೇಶದ ದೊಡ್ಡ ಟೂರ್‌ಗೆ (ಟೂರ್ ಅಂದರೆ ವರ್ಷವಿಡೀ ನಡೆಯುವ ಟೂರ್ನಿಗಳ ಸರಪಳಿ) ಕಾಲಿಡುವ ಮೊದಲು ಏಷ್ಯಾದಲ್ಲಿ ಆಡಿ ಪಳಗುತ್ತಿದ್ದರು. ಅದೇ ವರ್ಷ ಇಂಡೋನೇಷ್ಯಾ ಓಪನ್ ಕೂಡ ಗೆದ್ದರು. ಮುಂದೆ 1989ರಲ್ಲಿ ಪಿಜಿಎ ಚಾಂಪಿಯನ್‌ಷಿಪ್, 1991 ಮತ್ತು 1999ರಲ್ಲಿ ಯುಎಸ್ ಓಪನ್ ಗೆದ್ದರು. 1999ರ ಅಕ್ಟೋಬರ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ಯುಎಸ್ ಓಪನ್ ಗೆದ್ದು ಆಗ ಕೆಲವೇ ತಿಂಗಳು ಕಳೆದಿತ್ತು.

ಜಪಾನಿನ ಕೆಂಜಿ ಹೊಸೊಯಿಶಿ 1967, 1968 ಎರಡೂ ವರ್ಷ ಗೆದ್ದರು. ಸತತ ಎರಡು ವರ್ಷ ಗೆದ್ದ ಮೊದಲಿಗರು ಅವರು.

26 ವರ್ಷದ ಕಾಯುವಿಕೆ ಮುಗಿಸಿದ್ದು ಯಾರು?

ಅಲಿ ಶೇರ್. 1991, ದಿಲ್ಲಿ ಗಾಲ್ಫ್ ಕ್ಲಬ್. ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ. ಈ ಟೂರ್ನಿಯ ಇತಿಹಾಸದಲ್ಲಿ ಒಂದೇ ಒಂದು ದಿನ ಆರಿಸಿಕೋ ಅಂದರೆ ನಾನು ಅವತ್ತಿನದನ್ನೇ ಆರಿಸುತ್ತೇನೆ.

ಯಾಕೆಂದರೆ ಅಲಿ ಶೇರ್ ಅದೇ ಕ್ಲಬ್‌ನಲ್ಲಿ ಕ್ಯಾಡಿಯಾಗಿದ್ದವರು. ಕ್ಯಾಡಿ ಅಂದರೆ ಆಟಗಾರನ ಬ್ಯಾಗ್ ಹೊತ್ತು ಹಿಂದೆ ನಡೆಯುವವರು. ಕೇಳಿದ ಸ್ಟಿಕ್ ತೆಗೆದುಕೊಡಬೇಕು, ಚೆಂಡು ಪೊದೆಗೆ ಹೋದರೆ ಹುಡುಕಬೇಕು. ಕೂಲಿ ದಿನದ ಲೆಕ್ಕ. ಆದರೆ ವರ್ಷಗಟ್ಟಲೆ ಆ ಹುಲ್ಲಿನ ಮೇಲೆ ನಡೆದವನಿಗೆ ಮೈದಾನದ ಪ್ರತಿ ಇಳಿಜಾರೂ ಗೊತ್ತು. ಎಷ್ಟೋ ಕ್ಲಬ್‌ಗಳಲ್ಲಿ ಸದಸ್ಯರು ಬಾರದ ದಿನ ಕ್ಯಾಡಿಗಳಿಗೆ ಆಡಲು ಬಿಡುವ ರೂಢಿ ಇದೆ. ಯಾರೋ ಬಿಟ್ಟ ಹಳೆಯ ಸ್ಟಿಕ್ ಹಿಡಿದು ಅಲ್ಲೇ ಆಟ ಕಲಿಯುತ್ತಾರೆ. ಕೋಚಿಂಗು ಅಂದರೆ ಸಾಹೇಬರು ಹೊಡೆಯುವುದನ್ನು ನೋಡುವುದು, ಅಷ್ಟೇ.

ಅಂಥ ಹುಡುಗ, ತಾನು ಬ್ಯಾಗ್ ಹೊತ್ತ ಅದೇ ಮೈದಾನದಲ್ಲಿ, ದೇಶದ ದೊಡ್ಡ ಕಪ್ ಎತ್ತಿದ. 1993ರಲ್ಲಿ ಇನ್ನೊಂದು ಸಲ ಗೆದ್ದು ಮೊದಲ ಗೆಲುವು ಅದೃಷ್ಟದ್ದಲ್ಲ ಅಂತ ತೋರಿಸಿದರು. ಅರ್ಜುನ ಪ್ರಶಸ್ತಿಯೂ ಬಂತು.

ಗಾಲ್ಫ್ ಶ್ರೀಮಂತರ ಆಟ ಅಲ್ವಾ?

ಆಡುವ ಜಾಗ ಶ್ರೀಮಂತರದು, ಅದರಲ್ಲಿ ಎರಡು ಮಾತಿಲ್ಲ. ಸದಸ್ಯತ್ವದ ಶುಲ್ಕ ಕೇಳಿದರೆ ತಲೆ ತಿರುಗುತ್ತದೆ. ಆದರೆ ಇಂಡಿಯನ್ ಓಪನ್ ವಿಜೇತರ ಪಟ್ಟಿ ಬೇರೆಯದನ್ನೇ ಹೇಳುತ್ತದೆ. ಅಲಿ ಶೇರ್ ಕ್ಯಾಡಿ. 2002ರಲ್ಲಿ ಗೆದ್ದ ಲಖನೌದ ವಿಜಯ್ ಕುಮಾರ್ ಕ್ಯಾಡಿಯಾಗಿ ಶುರು ಮಾಡಿದವರು. 2009ರಲ್ಲಿ ಗೆದ್ದ ನಮ್ಮ ಬೆಂಗಳೂರಿನ ಮುನಿಯಪ್ಪನವರೂ ಅಷ್ಟೇ. ಎರಡು ಸಲ ಗೆದ್ದ ಚೌರಾಸಿಯಾ ಅವರ ತಂದೆ ರಾಯಲ್ ಕ್ಯಾಲ್ಕಟಾ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದರು. 2013ರಲ್ಲಿ ಗೆದ್ದ ಬಾಂಗ್ಲಾದೇಶದ ಸಿದ್ದಿಕುರ್ ರಹಮಾನ್ ಢಾಕಾದಲ್ಲಿ ಚೆಂಡು ಹೆಕ್ಕುವ ಹುಡುಗನಾಗಿದ್ದವರು. ಆ ಸಲ ಅವರು ಹಿಂದೆ ಹಾಕಿದ್ದು ನಮ್ಮ ಅನಿರ್ಬನ್ ಲಾಹಿರಿ ಮತ್ತು ಚೌರಾಸಿಯಾ ಇಬ್ಬರನ್ನೂ. ಮೂರು ವರ್ಷ ಬಿಟ್ಟು ಅದೇ ಸಿದ್ದಿಕುರ್ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದ ಮೊದಲ ಬಾಂಗ್ಲಾದೇಶಿ ಆದರು.

ಕಾರಿನಲ್ಲಿ ಮುಂಬಾಗಿಲಿನಿಂದ ಬಂದವರೂ ಗೆದ್ದಿದ್ದಾರೆ, ಕೆಲಸದವರ ಗೇಟಿನಿಂದ ಬಂದವರೂ ಗೆದ್ದಿದ್ದಾರೆ. ಎರಡನೆಯವರ ಕಥೆ ನಮ್ಮ ಪೇಪರುಗಳಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ ಅನ್ನುವುದು ನನ್ನ ತಕರಾರು.

ಒಟ್ಟು ಎಷ್ಟು ಭಾರತೀಯರು ಗೆದ್ದಿದ್ದಾರೆ?

2025ರವರೆಗಿನ ಲೆಕ್ಕ ಹೇಳುತ್ತೇನೆ. ಒಂಬತ್ತು ಜನ, 13 ಕಪ್. ಸೇಠಿ (1965), ಅಲಿ ಶೇರ್ (1991, 1993), ಫಿರೋಜ್ ಅಲಿ (1998), ಅರ್ಜುನ್ ಅತ್ವಾಲ್ (1999), ಜ್ಯೋತಿ ರಾಂಧವಾ (2000, 2006, 2007), ವಿಜಯ್ ಕುಮಾರ್ (2002), ಮುನಿಯಪ್ಪ (2009), ಅನಿರ್ಬನ್ ಲಾಹಿರಿ (2015), ಎಸ್‌ಎಸ್‌ಪಿ ಚೌರಾಸಿಯಾ (2016, 2017).

ಮೂರು ಸಲ ಗೆದ್ದವರು ಇಬ್ಬರೇ: ಥಾಮ್ಸನ್ ಮತ್ತು ರಾಂಧವಾ. ಅತ್ವಾಲ್ 2010ರಲ್ಲಿ ಅಮೆರಿಕದ ಪಿಜಿಎ ಟೂರ್‌ನಲ್ಲಿ ಟೂರ್ನಿ ಗೆದ್ದ ಮೊದಲ ಭಾರತೀಯ ಆದರು.

ಮುನಿಯಪ್ಪ ಅಂದರೆ ನಮ್ಮ ಕರ್ನಾಟಕದವರಾ?

ಹೌದು, ಬೆಂಗಳೂರಿನವರು. ಚಿನ್ನಸ್ವಾಮಿ ಮುನಿಯಪ್ಪ. ಪೇಪರಿನಲ್ಲಿ ಸಿ. ಮುನಿಯಪ್ಪ. ಚಿನ್ನಸ್ವಾಮಿ ಅಂದರೆ ನಮಗೆಲ್ಲ ಕಣ್ಣಮುಂದೆ ಬರುವುದು ಕ್ರಿಕೆಟ್ ಸ್ಟೇಡಿಯಂ. ಆದರೆ ಈ ಚಿನ್ನಸ್ವಾಮಿಯ ಹೆಸರು ಎಷ್ಟು ಜನಕ್ಕೆ ಗೊತ್ತು?

ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರು ಮಾಡಿ, ಆಮೇಲೆ ವೃತ್ತಿಪರ ಆಟಗಾರ ಆದವರು. 2009ರ ಅಕ್ಟೋಬರ್. ಗುರುಗ್ರಾಮದ ಡಿಎಲ್‌ಎಫ್ ಮೈದಾನ. ಬಹುಮಾನದ ಒಟ್ಟು ಮೊತ್ತ 12.5 ಲಕ್ಷ ಡಾಲರ್. ಟೂರ್ನಿ ಶುರುವಾದಾಗ ಗೆಲ್ಲುವವರ ಹೆಸರು ಹೇಳಿ ಅಂದಿದ್ದರೆ ಯಾರ ಬಾಯಲ್ಲೂ ಮುನಿಯಪ್ಪ ಅಂತ ಬರುತ್ತಿರಲಿಲ್ಲ. ರಾಂಧವಾ, ಜೀವ್ ಮಿಲ್ಖಾ ಸಿಂಗ್, ಚೌರಾಸಿಯಾ ಅಂತಲೇ ಹೇಳುತ್ತಿದ್ದರು. ನಾಲ್ಕು ದಿನ ಮುಗಿದಾಗ ಮುನಿಯಪ್ಪ ಮತ್ತು ಕೊರಿಯಾದ ಲೀ ಸುಂಗ್ ಸಮ ಬಂದಿದ್ದರು. ಪ್ಲೇ ಆಫ್‌ನಲ್ಲಿ ಮುನಿಯಪ್ಪ ಗೆದ್ದರು.

ಕ್ಯಾಡಿ ಕೆಲಸದ ಕೂಲಿಯಿಂದ ಶುರು ಮಾಡಿದವರ ಕೈಗೆ ಅವತ್ತು ಬಂದದ್ದು ರೂಪಾಯಿ ಲೆಕ್ಕದಲ್ಲಿ ಕೋಟಿಯ ಹತ್ತಿರದ ಹಣ. ಅವರು ಇಂಡಿಯನ್ ಓಪನ್ ಗೆದ್ದ ಏಳನೇ ಭಾರತೀಯ, ಕರ್ನಾಟಕದಲ್ಲಿ ಬೆಳೆದವರಲ್ಲಿ ಮೊದಲಿಗರು. ನಾವು ಅವರನ್ನು ಇಷ್ಟು ಬೇಗ ಮರೆತದ್ದು ಯಾಕೋ ನನಗೆ ಅರ್ಥವಾಗುವುದಿಲ್ಲ. ಕ್ವಿಜ್‌ಗಳಲ್ಲೂ ಆ ಹೆಸರು ಕೇಳಿದ್ದು ನನಗೆ ನೆನಪಿಲ್ಲ.

ಇಂಡಿಯನ್ ಓಪನ್ ಬೆಂಗಳೂರಿನಲ್ಲಿ ನಡೆದಿದೆಯಾ?

ಒಂದು ಸಲ, 2012ರಲ್ಲಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ. ದಿಲ್ಲಿ, ಕೋಲ್ಕತ್ತ, ಗುರುಗ್ರಾಮ ಅಂತ ಸುತ್ತುತ್ತಿದ್ದ ಟೂರ್ನಿ ಮೊದಲ ಸಲ ನಮ್ಮ ಕಡೆ ಬಂತು. ಟೂರ್ನಿ ಶುರು ಮಾಡಿಸಿದ ಥಾಮ್ಸನ್ ವಿನ್ಯಾಸ ಮಾಡಿದ ಮೈದಾನಕ್ಕೇ ಬಂತು ಅನ್ನುವುದು ನನಗೆ ಖುಷಿ ಕೊಡುವ ಸಂಗತಿ.

ಥಾಯ್ಲೆಂಡಿನ ತಾವೊರ್ನ್ ವಿರಾಚಂತ್ ಮತ್ತು ಸ್ಕಾಟ್ಲೆಂಡಿನ ರಿಚಿ ರಾಮ್ಸೆ ಪ್ಲೇ ಆಫ್‌ವರೆಗೆ ಹೋದರು. ತಾವೊರ್ನ್ ಗೆದ್ದರು. ಆಗ ಅವರಿಗೆ 45 ವರ್ಷ. ಅವರು 2005ರಲ್ಲೂ ಗೆದ್ದಿದ್ದರು. ಮುಂದಿನ ವರ್ಷ ಟೂರ್ನಿ ಮತ್ತೆ ದಿಲ್ಲಿಗೆ ಹೋಯಿತು.

ಅನಿರ್ಬನ್ ಲಾಹಿರಿ ಬೆಂಗಳೂರಿನವರು ಅಂತಾರಲ್ಲ?

ಹುಟ್ಟಿದ್ದು ಪುಣೆಯಲ್ಲಿ. ತಂದೆ ಸೇನೆಯಲ್ಲಿ ವೈದ್ಯರು, ಹಾಗಾಗಿ ಊರೂರು ತಿರುಗಿದರು. ಆಮೇಲೆ ನೆಲೆ ಮಾಡಿಕೊಂಡಿದ್ದು ಬೆಂಗಳೂರಿನಲ್ಲಿ. ಪೇಪರಿನವರು ‘ಬೆಂಗಳೂರಿನ ಲಾಹಿರಿ’ ಅಂತಲೇ ಬರೆಯುತ್ತಿದ್ದರು, ನಾವೂ ಹಾಗೇ ಅಂದುಕೊಳ್ಳೋಣ.

ಅವರ 2015ರ ಗೆಲುವಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೊನೆಯ ದಿನ ಬೆಳಿಗ್ಗೆ ಚೌರಾಸಿಯಾ ಮುಂದಿದ್ದರು. ಲಾಹಿರಿ ಅವರಿಗಿಂತ ಏಳು ಹೊಡೆತ ಹಿಂದೆ. ಒಂದೇ ದಿನದಲ್ಲಿ ಏಳು ಹೊಡೆತ ಅಳಿಸುವುದು ಅಂದರೆ ಕೊನೆಯ ಐದು ಓವರಿನಲ್ಲಿ ತೊಂಬತ್ತು ರನ್ ಬೇಕಾದ ಹಾಗೆ. ಯಾರೂ ಅದರ ಆಸೆ ಇಟ್ಟುಕೊಳ್ಳುವುದಿಲ್ಲ. ಆದರೆ ದಿಲ್ಲಿ ಗಾಲ್ಫ್ ಕ್ಲಬ್ ಮೈದಾನದಲ್ಲಿ ಹೀಗೂ ಆಗುತ್ತದೆ. ಚೌರಾಸಿಯಾ ಆಟ ಕುಸಿಯಿತು, ಲಾಹಿರಿ ಒಂದೊಂದೇ ಹೊಡೆತ ಉಳಿಸುತ್ತಾ ಬಂದರು. ಸಂಜೆ ಹೊತ್ತಿಗೆ ಇಬ್ಬರೂ ಸಮ. ಪ್ಲೇ ಆಫ್‌ನ ಮೊದಲ ಹೋಲ್‌ನಲ್ಲೇ ಲಾಹಿರಿ ಗೆದ್ದರು. ಅದೇ ತಿಂಗಳು ಮಲೇಷ್ಯಾ ಓಪನ್ ಕೂಡ ಗೆದ್ದಿದ್ದರು.

ಪಾಪ ಚೌರಾಸಿಯಾ. ಅವರು ಆಮೇಲೆ ಗೆದ್ದರಾ?

ಗೆದ್ದರು, ಮತ್ತು ಬಡ್ಡಿ ಸಮೇತ. ಆದರೆ ಅದಕ್ಕೂ ಮುಂಚಿನ ಲೆಕ್ಕ ನೋಡಿ. 1999ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿ, ಎರಡನೇ ಸ್ಥಾನ. 2006ರಲ್ಲಿ ರಾಂಧವಾ ಎದುರು ಪ್ಲೇ ಆಫ್‌ನಲ್ಲಿ ಸೋಲು. 2013ರಲ್ಲಿ ಮತ್ತೆ ಎರಡನೇ ಸ್ಥಾನ. 2015ರಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇರೆಯವರಾಗಿದ್ದರೆ ಈ ಟೂರ್ನಿಯ ಸಹವಾಸವೇ ಬೇಡ ಅನ್ನುತ್ತಿದ್ದರು.

2016ರಲ್ಲಿ ಅದೇ ದಿಲ್ಲಿ ಕ್ಲಬ್‌ನಲ್ಲಿ ಎರಡು ಹೊಡೆತದ ಅಂತರದಿಂದ ಗೆದ್ದರು. ಸಮನಾಗಿ ಎರಡನೇ ಸ್ಥಾನಕ್ಕೆ ಬಂದ ಇಬ್ಬರಲ್ಲಿ ಒಬ್ಬರು ಲಾಹಿರಿ! 2017ರಲ್ಲಿ ಟೂರ್ನಿ ಡಿಎಲ್‌ಎಫ್‌ನ ಹೊಸ ಮೈದಾನಕ್ಕೆ ಹೋಯಿತು. ಎಲ್ಲರೂ ಅಲ್ಲಿ ಒದ್ದಾಡುತ್ತಿದ್ದರೆ ಚೌರಾಸಿಯಾ ಏಳು ಹೊಡೆತದ ಅಂತರದಿಂದ ಗೆದ್ದರು. ಎರಡು ವರ್ಷದ ಹಿಂದೆ ಕಳೆದುಕೊಂಡದ್ದೂ ಅಷ್ಟೇ, ಏಳು. ಹೊಸೊಯಿಶಿ, ರಾಂಧವಾ ಬಿಟ್ಟರೆ ಸತತ ಎರಡು ವರ್ಷ ಗೆದ್ದವರು ಇವರೊಬ್ಬರೇ.

ಮೈಕಟ್ಟು ದೊಡ್ಡದಲ್ಲ, ದೂರ ಹೊಡೆಯುವವರೂ ಅಲ್ಲ. ಕುಳಿಯ ಹತ್ತಿರ ಬಂದ ಮೇಲೆ ಮಾತ್ರ ಮಾಂತ್ರಿಕ. ಸಣ್ಣ ಹೊಡೆತ ‘ಚಿಪ್’, ಕುಳಿಗೆ ಉರುಳಿಸುವುದು ‘ಪಟ್’. ಎರಡನ್ನೂ ಸೇರಿಸಿ ಗೆಳೆಯರು ‘ಚಿಪ್ಪಟ್ಸಿಯಾ’ ಅಂತ ಹೆಸರಿಟ್ಟರು. ಅವರ ನಾಲ್ಕು ಯುರೋಪಿಯನ್ ಟೂರ್ ಗೆಲುವುಗಳೂ ದಿಲ್ಲಿ, ಗುರುಗ್ರಾಮದಲ್ಲೇ ಬಂದವು.

ದಿಲ್ಲಿ ಕ್ಲಬ್‌ಗೂ ಡಿಎಲ್‌ಎಫ್ ಮೈದಾನಕ್ಕೂ ಏನು ವ್ಯತ್ಯಾಸ?

ಹಳೇ ಪೇಟೆ ಬೀದಿಗೂ ರಿಂಗ್ ರೋಡಿಗೂ ಇರುವ ವ್ಯತ್ಯಾಸ. ದಿಲ್ಲಿ ಗಾಲ್ಫ್ ಕ್ಲಬ್ ಊರಿನ ನಡುವೆ, ಮೊಘಲರ ಕಾಲದ ಗೋರಿಗಳ ಮಧ್ಯೆ ಇದೆ. ನವಿಲು ಓಡಾಡುತ್ತಿರುತ್ತವೆ. ದಾರಿ ಕಿರಿದು, ಎರಡೂ ಕಡೆ ಮುಳ್ಳು ಪೊದೆ. ಚೆಂಡು ಸ್ವಲ್ಪ ಪಕ್ಕಕ್ಕೆ ಹೋದರೆ ಮರೆತುಬಿಡಿ. ಎಷ್ಟು ದೂರ ಹೊಡೆದಿರಿ ಅನ್ನುವುದಕ್ಕಿಂತ ಎಷ್ಟು ನೆಟ್ಟಗೆ ಹೊಡೆದಿರಿ ಅನ್ನುವುದೇ ಮುಖ್ಯ. ಅದಕ್ಕೇ ಅಲ್ಲಿ ಆಟ ಕಲಿತವರಿಗೆ ದೊಡ್ಡ ತೋಳಿನ ವಿದೇಶಿಯರ ಮೇಲೆ ಒಂದು ಕೈ ಮೇಲು.

ಡಿಎಲ್‌ಎಫ್‌ನ ಈಗಿನ ಮೈದಾನ ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್ ವಿನ್ಯಾಸ. ಬಯಲು, ಆಳವಾದ ಮರಳಿನ ಗುಂಡಿಗಳು, ಬಂಡೆ, ನೀರು, ಗಾಳಿ. ಚೆಂಡು ನಿಲ್ಲದ ಇಳಿಜಾರು. ಯುರೋಪಿನವರು ಕೂಡ ಇಲ್ಲಿ ಬೆವರು ಒರೆಸಿಕೊಳ್ಳುತ್ತಾರೆ. 2019ರ ಕೊನೆಯ ದಿನ ಸ್ಕಾಟ್ಲೆಂಡಿನ ಸ್ಟೀಫನ್ ಗಲಾಕರ್ ಏಳನೇ ಹೋಲ್‌ನಲ್ಲಿ ಎಂಟು ಹೊಡೆತ ತಗೊಂಡರು. ಪಾರ್‌ಗಿಂತ ನಾಲ್ಕು ಜಾಸ್ತಿ. ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಅಲ್ಲಿಂದ ಎದ್ದು ಬಂದು ಒಂದು ಹೊಡೆತದ ಅಂತರದಿಂದ ಗೆದ್ದರು. ಬ್ಯಾಗ್ ಹೊತ್ತಿದ್ದು ಅವರ ಮಗ.

ಈಚೆಗೆ ಗೆದ್ದವರು ಯಾರು?

2018ರಲ್ಲಿ ಇಂಗ್ಲೆಂಡಿನ ಮ್ಯಾಟ್ ವಾಲೇಸ್, 2019ರಲ್ಲಿ ಗಲಾಕರ್, 2023ರಲ್ಲಿ ಜರ್ಮನಿಯ ಮಾರ್ಸೆಲ್ ಸೀಮ್, 2024ರಲ್ಲಿ ಜಪಾನಿನ ಕೈಟಾ ನಕಾಜಿಮಾ, 2025ರಲ್ಲಿ ಸ್ಪೇನಿನ ಯುಜೀನಿಯೊ ಚಕಾರಾ. ನಕಾಜಿಮಾ ಗೆದ್ದದ್ದು 17 ಅಂಡರ್‌ನಲ್ಲಿ. ಮುಂದಿನ ವರ್ಷ ಅದೇ ಮೈದಾನದಲ್ಲಿ ಚಕಾರಾಗೆ 4 ಅಂಡರ್ ಸಾಕಾಯಿತು. ಎರಡನೇ ಸ್ಥಾನ ನಕಾಜಿಮಾಗೆ. ಹುಲ್ಲು, ಗಾಳಿ ಬದಲಾದರೆ ಮೈದಾನವೇ ಬೇರೆ ಆಗುತ್ತದೆ.

ಟೂರ್ನಿ ನಡೆಯದ ವರ್ಷಗಳು ಇವೆಯಾ?

ಇವೆ. 2020, 2021, 2022 ಮೂರೂ ವರ್ಷ ಕೋವಿಡ್ ನುಂಗಿತು. 2014 ಕೂಡ ಖಾಲಿ. ಅದು ಬೇರೆ ಕಾರಣಕ್ಕೆ: 2013ರಲ್ಲಿ ನವೆಂಬರ್‌ನಲ್ಲಿ ನಡೆದದ್ದು ಮುಂದಿನ ಸಲ 2015ರ ಫೆಬ್ರುವರಿಗೆ ಹೋಯಿತು. ಈಗ ಸಾಮಾನ್ಯವಾಗಿ ಮಾರ್ಚ್ ಕೊನೆಗೆ, ದಿಲ್ಲಿ ಬಿಸಿಲು ಏರುವ ಮುಂಚೆ.

ಹಳೇ ಪೇಪರಿನಲ್ಲಿ ಬೇರೆ ಬೇರೆ ಹೆಸರು ಇದೆಯಲ್ಲ?

ಎಲ್ಲ ಒಂದೇ ಟೂರ್ನಿ. ವಿಲ್ಸ್ ಇಂಡಿಯನ್ ಓಪನ್, ರಾಯಲ್ ಚಾಲೆಂಜ್ ಇಂಡಿಯನ್ ಓಪನ್, ಹೀರೊ ಹೋಂಡಾ ಇಂಡಿಯನ್ ಓಪನ್, ಈಗ ಹೀರೊ ಇಂಡಿಯನ್ ಓಪನ್. ಹೀರೊ, ಹೋಂಡಾ ಬೇರೆಯಾದ ಮೇಲೆ ಟೂರ್ನಿಯ ಹೆಸರಿನಿಂದಲೂ ಹೋಂಡಾ ಇಳಿಯಿತು. ಸಿಗರೇಟು, ವಿಸ್ಕಿ, ಬೈಕು ಅಂತ ಓದಿಕೊಂಡರೆ ದೇಶದ ಜಾಹೀರಾತಿನ ಇತಿಹಾಸವೇ ಸಿಕ್ಕಿಬಿಡುತ್ತದೆ.

ಟೂರ್‌ಗಳೂ ಬದಲಾಗಿವೆ. ಮೊದಲು ಏಷ್ಯಾ ಸರ್ಕಿಟ್, 1998ರಿಂದ 2019ರವರೆಗೆ ಏಷ್ಯನ್ ಟೂರ್, 2015ರಿಂದ ಯುರೋಪಿಯನ್ ಟೂರ್. ಅದೇ ಈಗಿನ ಡಿಪಿ ವರ್ಲ್ಡ್ ಟೂರ್.

ಗೆದ್ದರೆ ಎಷ್ಟು ಹಣ?

2025ರಲ್ಲಿ ಒಟ್ಟು ಮೊತ್ತ 22.5 ಲಕ್ಷ ಡಾಲರ್. ವಿಜೇತರಿಗೆ ಅದರಲ್ಲಿ ಶೇ 17. ರೂಪಾಯಿಗೆ ಪರಿವರ್ತಿಸುವ ಕೆಲಸ ನಿಮಗೇ ಬಿಟ್ಟೆ, ಹೊಟ್ಟೆ ಉರಿದರೆ ನಾನು ಜವಾಬ್ದಾರನಲ್ಲ.

ಮಹಿಳೆಯರಿಗೆ ಇಲ್ಲವಾ?

ಇದೆ, 2007ರಿಂದ ಮಹಿಳಾ ಇಂಡಿಯನ್ ಓಪನ್ ಬೇರೆಯಾಗಿ ನಡೆಯುತ್ತದೆ. 2016ರಲ್ಲಿ ಅದನ್ನು ಗೆದ್ದವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್. ಆಗ ಅವರಿಗೆ 18 ವರ್ಷ. ಮಹಿಳಾ ಯುರೋಪಿಯನ್ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕ ಕೈ ತಪ್ಪಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಇಡೀ ದೇಶ ಬೆಳಿಗ್ಗೆ ಎದ್ದು ಗಾಲ್ಫ್ ನೋಡಿತ್ತು, ನೆನಪಿದೆಯಾ? ಅವತ್ತು ಅದಿತಿಯ ಬ್ಯಾಗ್ ಹೊತ್ತು ನಡೆದ ಕ್ಯಾಡಿ ಅವರ ಅಮ್ಮ.

ಜೀವ್ ಮಿಲ್ಖಾ ಸಿಂಗ್ ಎಷ್ಟು ಸಲ ಗೆದ್ದಿದ್ದಾರೆ?

ಈ ಪ್ರಶ್ನೆಗೆ ಬಹಳ ಜನ ಎರಡು ಅಥವಾ ಮೂರು ಅನ್ನುತ್ತಾರೆ. ಓಟಗಾರ ಮಿಲ್ಖಾ ಸಿಂಗ್ ಮಗ, ಯುರೋಪಿಯನ್ ಟೂರ್‌ನಲ್ಲಿ ನಾಲ್ಕು ಗೆಲುವು, ಏಷ್ಯನ್ ಟೂರ್‌ನಲ್ಲಿ 2006 ಮತ್ತು 2008ರ ಅಗ್ರಸ್ಥಾನ. ಸ್ಪೇನ್, ಆಸ್ಟ್ರಿಯಾ, ಚೀನಾ, ಸ್ಕಾಟ್ಲೆಂಡ್ ಎಲ್ಲ ಕಡೆ ಕಪ್ ಎತ್ತಿದ್ದಾರೆ. ಇಂಡಿಯನ್ ಓಪನ್ ಮಾತ್ರ ಒಂದು ಸಲವೂ ಇಲ್ಲ.